ಹನ್ನೊಂದು ದಿನ ಅತ್ತ ಬಳ್ಳಿ

ನಮ್ಮ ಹಿತ್ತಲಿಗೂ ಪಕ್ಕದ ಅಭಯ ಮತ್ತು ನೇತ್ರಾ ಅವರ ಹಿತ್ತಲಿಗೂ ನಡುವೆ ಇರುವ ಮರದ ಬೇಲಿ ಕಳೆದ ವರ್ಷ ಜನವರಿಯ ಗಾಳಿಗೆ ನಮ್ಮ ಕಡೆಗೆ ಒಂದು ಗೇಣಿನಷ್ಟು ವಾಲಿತು. ಅಮೆರಿಕದ ವಾಯವ್ಯ ಮೂಲೆಯ ನಮ್ಮ ಊರು ಸಮಾಮಿಶ್‌ನಲ್ಲಿ ಗಾಳಿ ಬೀಸಿದ ಮರುದಿನ ಜನ ಮೊದಲು ಮಾಡಿನ ಕಡೆ ನೋಡುತ್ತಾರೆ, ಆಮೇಲೆ ಫರ್ ಮರಗಳ ಕಡೆ. ನಾನು ಮೊದಲು ನೋಡಿದ್ದು ಬೇಲಿಯ ಮೇಲಿನ ಕಾಡುದ್ರಾಕ್ಷಿಯನ್ನು. ಮೂರು ಹಲಗೆಗಳ ಮೊಳೆ ಕಿತ್ತುಹೋಗಿತ್ತು. ಆದರೂ ಒಂದೂ ಕೆಳಗೆ ಬಿದ್ದಿರಲಿಲ್ಲ. ಬಳ್ಳಿ ಅವನ್ನು ಹಿಡಿದುಕೊಂಡಿತ್ತು.

ನನ್ನ ಗಂಡ ಬೆನೆಡಿಕ್ಟ್ ಅದನ್ನು ಒಪ್ಪಲಿಲ್ಲ. ಬಳ್ಳಿಯ ಭಾರಕ್ಕೇ ಬೇಲಿ ವಾಲಿದ್ದು ಎಂಬುದು ಅವನ ವಾದ. ಇಬ್ಬರೂ ಹೇಳಿದ್ದರಲ್ಲಿ ಸ್ವಲ್ಪ ಸ್ವಲ್ಪ ನಿಜ ಇದ್ದಿರಬೇಕು. ಬೇಲಿ ಕಟ್ಟುವವನು ಬಂದು ನೋಡಿ, ಸೆಪ್ಟೆಂಬರಿನಲ್ಲಿ ಹೊಸದು ಹಾಕಿಕೊಡುತ್ತೇನೆ, ಅಷ್ಟರೊಳಗೆ ಹಲಗೆಗಳ ಮೇಲೆ ಒಂದು ಎಲೆಯೂ ಇರಬಾರದು ಎಂದು ಹೇಳಿಹೋದ. ಬೆನೆಡಿಕ್ಟ್ ಮತ್ತು ಅಭಯ ಅಲ್ಲೇ ನಿಂತು ತೀರ್ಮಾನ ಮಾಡಿದರು. ಬೇಸಿಗೆ ಮುಗಿಯುವ ಮುಂಚೆ ಬಳ್ಳಿಯನ್ನು ಬುಡಸಮೇತ ಕೀಳಿಸುವುದು.

"ಏಳು ವರ್ಷ ಆಯ್ತು ಮಾರಾಯ್ತಿ," ಎಂದ ಬೆನೆಡಿಕ್ಟ್, ನನ್ನ ಮುಖ ನೋಡಿ. "ಕೊಡುವುದು ಎರಡು ಮುಷ್ಟಿ. ಅದೂ ದ್ರಾಕ್ಷಿ ಅಲ್ಲ, ಕಾಳುಮೆಣಸು. ನಿಜವಾಗಿ ಕಾಳುಮೆಣಸೇ ಆಗಿದ್ದರೆ ಸಾರಿಗಾದರೂ ಆಗ್ತಿತ್ತು."

ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ತಮಾಷೆ ಅವನದೇ. ಅದು ಸುಳ್ಳೂ ಅಲ್ಲ. ಆ ಹಣ್ಣು ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಕಪ್ಪುನೀಲಿ, ಒಳಗೆ ಹೆಚ್ಚುಪಾಲು ಬೀಜ. ಹುಳಿ ಮೊದಲು ಬರುತ್ತದೆ, ಸಿಹಿ ಎಷ್ಟೋ ಹೊತ್ತಿನ ಮೇಲೆ.

ನನಗೆ ಚಿಂತೆ ಹೆಚ್ಚು. ಒಲೆ ಆರಿಸಿದ ಮೇಲೆ ಮತ್ತೆರಡು ಸಲ ನೋಡುತ್ತೇನೆ. ಮಗಳು ಮೆಲಿಸ್ಸಾಗೆ ಹನ್ನೆರಡು ವರ್ಷ, ಅವಳು ಬಸ್ಸು ಹತ್ತುವವರೆಗೆ ಕಿಟಕಿ ಬಿಡುವುದಿಲ್ಲ. ನಾರ್ತ್ ಕ್ರೀಕ್‌ನ ಕಂಪನಿಯಲ್ಲಿ ನನ್ನ ಕೆಲಸವೂ ಅಂಥದ್ದೇ. ಯಾವುದಾದರೂ ಯಂತ್ರ ಕೆಟ್ಟರೆ ಬರುವ ವರದಿಗಳನ್ನು ಓದಿ, ಒಂದೊಂದು ಶಬ್ದವೂ ಸರಿಯಾಗಿದೆಯೇ ಎಂದು ನೋಡುವುದು. ಏನಾಯಿತು ಎಂದು ಬರೆಯಬೇಕು, ಏನಾಗಿರಬಹುದು ಎಂದು ಬರೆಯಬಾರದು. ಇಂಥ ನನಗೆ ಆ ಬಳ್ಳಿ ಒಂದು ಬಿಡುವು ಕೊಟ್ಟಿತ್ತು. ನನ್ನ ಚಿಂತೆಯ ಅಗತ್ಯವೇ ಇಲ್ಲದೆ ಬೆಳೆದ ಒಂದೇ ಜೀವ ಅದು.

ಸ್ಥಳೀಯ ಸಸ್ಯಗಳ ಮಾರಾಟಕ್ಕೆ ಹೋಗಿದ್ದಾಗ ಒಂದಡಿ ಉದ್ದದ ಕಡ್ಡಿಯಾಗಿ ಅದನ್ನು ತಂದಿದ್ದೆ. ಸರಿಯಾಗಿ ಹೇಳಬೇಕೆಂದರೆ ಅದು ಸಮಾಮಿಶ್‌ನದ್ದಲ್ಲ. ಇಲ್ಲಿಂದ ಆರುನೂರು ಕಿಲೋಮೀಟರು ದಕ್ಷಿಣಕ್ಕೆ, ಆರೆಗಾನ್‌ನ ನದಿದಂಡೆಗಳಲ್ಲಿ ತಾನೇ ತಾನಾಗಿ ಹಬ್ಬುವ ಜಾತಿ. ಮೊದಲ ವರ್ಷ ಸುಮ್ಮನೆ ನಿಂತಿತ್ತು. ಎರಡನೆಯ ವರ್ಷ ಬೇಲಿ ಮುಟ್ಟಿತು. ಮೂರನೆಯ ವರ್ಷ ಬೇಲಿ ಅದರದ್ದಾಯಿತು. ಎಲೆಯ ಮೇಲ್ಮೈ ಹಸಿರು, ಅಡಿಭಾಗದಲ್ಲಿ ಮಗುವಿನ ಕಿವಿಯ ಮೇಲಿರುವಂಥ ಬಿಳಿ ತುಪ್ಪಳ. ಕಾಂಡದ ಸಿಪ್ಪೆ ಉದ್ದುದ್ದ ಎಳೆಯಾಗಿ ಬಿಟ್ಟುಕೊಳ್ಳುತ್ತದೆ, ರಾಬಿನ್ ಹಕ್ಕಿಗಳು ಗೂಡಿಗೆಂದು ಅದನ್ನು ಎಳೆದುಕೊಂಡು ಹೋಗುತ್ತವೆ. ಜೂನ್‌ನಲ್ಲಿ ಹೂವು ಬಿಡುತ್ತದೆ. ಕಣ್ಣಿಗೆ ಕಾಣುವಂಥ ಹೂವಲ್ಲ. ಅಡುಗೆಮನೆಯ ಕಿಟಕಿ ತೆರೆದಾಗ ಬರುವ ಪರಿಮಳದಿಂದಲೇ ಹೂವು ಬಂದಿದೆ ಎಂದು ತಿಳಿಯಬೇಕು. ಆಸರೆ ಹಿಡಿಯುವ ದಾರದಂಥ ಸುರುಳಿಕುಡಿಗಳನ್ನು ನಾನು ಎಷ್ಟೋ ದಿನ ಎಣಿಸಿದ್ದೇನೆ. ಒಂದು ಎಲೆಯ ಎದುರಿಗೆ ಕುಡಿ, ಮುಂದಿನ ಎಲೆಯ ಎದುರಿಗೂ ಕುಡಿ, ಮೂರನೆಯದರ ಎದುರಿಗೆ ಏನೂ ಇಲ್ಲ. ಮತ್ತೆ ಎರಡು, ಮತ್ತೆ ಬಿಡುವು. ಬುಡದಿಂದ ತುದಿಯವರೆಗೆ ಒಂದು ಕಡೆಯೂ ಲೆಕ್ಕ ತಪ್ಪುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಏನು ಅಂದುಕೊಂಡಾರೋ ಎಂಬ ಸಂಕೋಚ.

ಮಾರ್ಚಿನಲ್ಲಿ ಅಭಯನ ತಾಯಿ ಶರಣವ್ವ ಬಂದರು. ಊರು ವಿಜಯಪುರದ ಹತ್ತಿರದ ತಿಕೋಟಾ. ಎಂಟು ಎಕರೆ ದ್ರಾಕ್ಷಿ ತೋಟ. ತೋಟ ಬಿಟ್ಟು ಬರಲಾಗದೆ ಗಂಡ ಸೋಮಲಿಂಗಪ್ಪ ಊರಿನಲ್ಲೇ ಉಳಿದಿದ್ದರು. ಅರವತ್ತಾರು ವರ್ಷದ ಶರಣವ್ವ ಇಳಕಲ್ ಸೀರೆಯ ಮೇಲೆ ಅಭಯನ ಆಫೀಸಿನ ಹಳೆಯ ಜಾಕೆಟ್ಟು ಹಾಕಿ, ಕಾಲಿಗೆ ನೇತ್ರಾಳ ಓಟದ ಬೂಟು ತೊಟ್ಟು, ಬೆಳಿಗ್ಗೆ ಆರೂವರೆಗೆ ನಮ್ಮ ರಸ್ತೆಯನ್ನು ಮೂರು ಸುತ್ತು ನಡೆಯುತ್ತಿದ್ದರು. ಎಲ್ಲರೂ ಕಾರಿನಲ್ಲೇ ಓಡಾಡುವ ಬೀದಿಯಲ್ಲಿ ಅವರೊಬ್ಬರೇ ನೆಲದ ಮೇಲೆ ಕಾಣುವ ಮನುಷ್ಯರು.

ಮೊದಲ ವಾರವೇ ಬೇಲಿಯ ಹತ್ತಿರ ಬಂದು ನಿಂತರು. ಆಗ ಬಳ್ಳಿಯಲ್ಲಿ ಎಲೆ ಇರಲಿಲ್ಲ. ಒಣಗಿದಂತೆ ಕಾಣುವ ಕಾಂಡವನ್ನು ಹೆಬ್ಬೆರಳಿನಿಂದ ಉಜ್ಜಿ, ಗಂಟನ್ನು ಮುಟ್ಟಿ ನೋಡಿ, ಬಹಳ ದಿನದ ಮೇಲೆ ಸಂಬಂಧಿಕರನ್ನು ಕಂಡವರಂತೆ ನಕ್ಕರು.

"ಇದು ನಮ್ಮ ಡಾಗ್ರಿಜ್ ಕುಲದ್ದು ಐತಿ ನೋಡ್ರಿ."

ಡಾಗ್ರಿಜ್ ಎಂದರೇನೆಂದು ಅವರೇ ವಿವರಿಸಿದರು. ಅವರ ಕಡೆ ಕೊಳವೆಬಾವಿಯ ನೀರು ಉಪ್ಪು. ತಿನ್ನುವ ದ್ರಾಕ್ಷಿಯ ಬೇರು ಅದನ್ನು ತಾಳುವುದಿಲ್ಲ. ಅದಕ್ಕೆ ಅಮೆರಿಕದಿಂದ ಬಂದ ಒಂದು ಕಾಡುದ್ರಾಕ್ಷಿಯನ್ನು ಮೊದಲು ನೆಡುತ್ತಾರೆ. ಅದು ಎಂಥ ಉಪ್ಪನ್ನೂ, ಎಂಥ ಬರವನ್ನೂ ಕುಡಿದು ನಿಲ್ಲುತ್ತದೆ. ಪೆನ್ಸಿಲಿನಷ್ಟು ದಪ್ಪವಾದ ಕೂಡಲೇ ಅದರ ತಲೆ ತೆಗೆದು, ಸೀಳಿ, ಒಳ್ಳೆಯ ದ್ರಾಕ್ಷಿಯ ಕಡ್ಡಿಯನ್ನು ಕಸಿ ಕಟ್ಟುತ್ತಾರೆ. ನೆಲದ ಕೆಳಗೆ ಕಾಡು, ನೆಲದ ಮೇಲೆ ಬೆಳೆ. ನಲವತ್ತು ವರ್ಷದಲ್ಲಿ ಅವರ ಕೈಯಿಂದ ಎಷ್ಟು ಸಾವಿರ ಕಸಿ ಆಗಿದೆಯೋ ಅವರಿಗೇ ಗೊತ್ತಿಲ್ಲ.

"ಅಲ್ರೀ, ಏಳು ವರ್ಷದ ಬೇರು, ಇಂಥಾ ಬೇರು," ಎಂದರು. "ಇದಕ್ಕ ಯಾಕ ಯಾರೂ ಕಸಿ ಕಟ್ಟಿಲ್ಲ?"

ಇದನ್ನು ಹೀಗೆಯೇ ಬಿಡುವುದು, ಇದು ಇರುವುದೇ ಹೀಗೆ ಎಂದು ನಾನು ಹೇಳಿದೆ. ಅವರು ತಲೆ ಓರೆ ಮಾಡಿ ಕೇಳಿಸಿಕೊಂಡು, ನನ್ನ ಕನ್ನಡ ರೇಡಿಯೋದ ವಾರ್ತೆ ಕೇಳಿದ ಹಾಗಿದೆ ಎಂದು ನಕ್ಕರು. ಬಳ್ಳಿಯನ್ನು ಕೀಳಿಸುವ ವಿಷಯ ನೇತ್ರಾ ಆಗಲೇ ಹೇಳಿದ್ದಳೆಂದು ತೋರುತ್ತದೆ. ತಿನ್ನುವಂಥ ಹಣ್ಣು ಬರುವ ಹಾಗಿದ್ದರೂ ನಿಮ್ಮ ಮನೆಯವರು ಕೀಳಿಸುತ್ತಾರೆಯೇ ಎಂದು ಕೇಳಿದರು. ಹಣ್ಣು ಬಂದರೆ ಬಹುಶಃ ಬಿಟ್ಟಾರು ಎಂದೆ. ಆ 'ಬಹುಶಃ' ನನ್ನ ಅಭ್ಯಾಸದ ಮಾತು. ಅದನ್ನು ಅವರು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡರೆಂದು ಆಗ ತಿಳಿಯಲಿಲ್ಲ.

ಏಪ್ರಿಲ್ ಎರಡನೆಯ ವಾರ ಶಾಲೆಗೆ ರಜೆ. ನಾವು ಮೂವರೂ ಆರೆಗಾನ್ ಕರಾವಳಿಗೆ ಹೋದೆವು. ಹೋಗುವಾಗ ಹಿತ್ತಲ ಗೇಟಿನ ಕೀಲಿಯನ್ನು ಶರಣವ್ವನ ಕೈಗೆ ಕೊಟ್ಟೆ. ಬಳ್ಳಿ ಚಿಗುರುವ ಹೊತ್ತು, ಜಿಂಕೆ ಬಂದರೆ ಓಡಿಸಿ ಎಂದೆ. ಮೊಗ್ಗುಗಳು ಆಗ ಅಕ್ಕಿಕಾಳಿನಷ್ಟು ಉಬ್ಬಿದ್ದವು. ಅವುಗಳ ತುದಿಯಲ್ಲಿ ಗುಲಾಬಿ ಬಣ್ಣ ಮೂಡುತ್ತಿತ್ತು.

ಶನಿವಾರ ಮಧ್ಯಾಹ್ನ ವಾಪಸು ಬಂದಾಗ ತುಂತುರು ಮಳೆ. ಚೀಲ ಇಳಿಸುವ ಮೊದಲೇ ನಾನು ಹಿತ್ತಲಿಗೆ ಹೋದೆ. ಬೇಲಿ ಇಷ್ಟು ಉದ್ದವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಬರೀ ಬೂದು ಹಲಗೆ. ಬುಡದಲ್ಲಿ, ನನ್ನ ಮೊಣಕಾಲಿನ ಎತ್ತರಕ್ಕೆ, ನೀಟಾಗಿ ಕತ್ತರಿಸಿದ ಒಂದು ಮೋಟು. ಅದರ ಸೀಳಿನಲ್ಲಿ ಎರಡು ಕಡ್ಡಿ. ಕಿರಾಣಿ ಅಂಗಡಿಯ ಪ್ಲಾಸ್ಟಿಕ್ ಚೀಲ ಹರಿದು ಮಾಡಿದ ಪಟ್ಟಿಯನ್ನು ಅದಕ್ಕೆ ಬ್ಯಾಂಡೇಜಿನ ಹಾಗೆ ಬಿಗಿಯಲಾಗಿತ್ತು. ಪಟ್ಟಿಯ ಕೆಳಗಿನಿಂದ ನೀರು ಹನಿಯುತ್ತಿತ್ತು. ಮಳೆಯ ನೀರು ಎಂದುಕೊಂಡು ಬೆರಳಿನಿಂದ ಒರೆಸಿದೆ. ಮತ್ತೆ ಬಂತು.

ಶರಣವ್ವ ಆಗಲೇ ಗೇಟು ದಾಟಿ ಬಂದಿದ್ದರು. ಮುಖದಲ್ಲಿ ಅಷ್ಟು ಸಂತೋಷ ಅವರು ಬಂದಾಗಿನಿಂದ ನಾನು ನೋಡಿರಲಿಲ್ಲ.

"ಬಂದ್ರಿ? ನೋಡ್ರಿ ಇಲ್ಲೆ. ಉಳಿಸೀನಿ ನಿಮ್ಮ ಬಳ್ಳಿ."

ಅವರ ಊರಿನಲ್ಲಿ ಏಪ್ರಿಲ್ ಎಂದರೆ ಚಾಟ್ನಿಯ ತಿಂಗಳು. ಬಳ್ಳಿಯನ್ನೆಲ್ಲ ಕತ್ತರಿಸಿ ಹೊಸದಾಗಿ ಬೆಳೆಯಲು ಬಿಡುವ ಕೆಲಸಕ್ಕೆ ಅಲ್ಲಿ ಆ ಹೆಸರು. ನಲವತ್ತು ಏಪ್ರಿಲ್ ಕತ್ತರಿ ಹಿಡಿದ ಕೈ ಈ ಏಪ್ರಿಲ್‌ನಲ್ಲಿ ಸುಮ್ಮನೆ ಕೂತಿತ್ತು. ಹತ್ತಿರದ ಊರು ಬಾಥೆಲ್‌ನಲ್ಲಿರುವ ಅಭಯನ ತೆಲುಗು ಗೆಳೆಯನ ಮನೆಯಲ್ಲಿ ಬೀಜವಿಲ್ಲದ ದ್ರಾಕ್ಷಿ ಇದೆಯೆಂದು ತಿಳಿದು, ಮಾರ್ಚಿನಲ್ಲೇ ನಾಲ್ಕು ಕಡ್ಡಿ ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ನೇತ್ರಾಳ ಫ್ರಿಜ್ಜಿನಲ್ಲಿ ಕೊತ್ತಂಬರಿಯ ಪಕ್ಕ ಇಟ್ಟಿದ್ದರು. ತರಕಾರಿ ಚಾಕುವನ್ನು ಪಿಂಗಾಣಿ ಬಟ್ಟಲಿನ ತಳಕ್ಕೆ ಉಜ್ಜಿ ಹರಿತ ಮಾಡಿದ್ದರು. ಹಣ್ಣು ಬಂದರೆ ಕೀಳುವುದಿಲ್ಲ ಎಂದಿದ್ದೆನಲ್ಲ. ಹಣ್ಣು ಬರುವ ಹಾಗೆ ಮಾಡಿದ್ದರು. ಕತ್ತರಿಸಿದ್ದೆಲ್ಲ ಶುಕ್ರವಾರದ ಕಸದ ಲಾರಿಯಲ್ಲಿ ಹೋಗಿತ್ತು.

ನಾನು ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಮೂರು ಸಲ ತಿದ್ದಿದೆ. ಕೊನೆಗೆ ಬಾಯಿಂದ ಬಂದದ್ದು "ಥ್ಯಾಂಕ್ಸ್ ಅಮ್ಮಾ" ಎಂದು ಮಾತ್ರ.

ಕತ್ತರಿಸಿದ ದ್ರಾಕ್ಷಿ ಅಳುತ್ತದೆ ಎಂದು ಅವರ ಕಡೆಯೂ ಹೇಳುತ್ತಾರಂತೆ. ಆದರೆ ಅಲ್ಲಿ ಒಂದೆರಡು ದಿನ ಅತ್ತು ಸುಮ್ಮನಾಗುತ್ತದೆ. ನಮ್ಮದು ನಿಲ್ಲಲಿಲ್ಲ. ನಾಲ್ಕು ತಿಂಗಳು ಚಳಿಯಲ್ಲಿ ಮಲಗಿದ್ದ ಬೇರು ಆಗಷ್ಟೇ ಎದ್ದು, ಇಡೀ ಬೇಲಿಗೆ ಬೇಕಾಗುವಷ್ಟು ನೀರನ್ನು ಮೇಲಕ್ಕೆ ತಳ್ಳುತ್ತಿತ್ತು. ತಳ್ಳಿದ ನೀರಿಗೆ ಹೋಗಲು ಬಳ್ಳಿಯೇ ಇರಲಿಲ್ಲ. ನಾಲ್ಕನೆಯ ದಿನ ಶರಣವ್ವನಿಗೂ ಗಾಬರಿಯಾಯಿತು. ತಿಕೋಟಾಕ್ಕೆ ವೀಡಿಯೋ ಕರೆ ಮಾಡಿ ಗಂಡನಿಗೆ ತೋರಿಸಿದರು. ಸೋಮಲಿಂಗಪ್ಪ ಕನ್ನಡಕ ಏರಿಸಿ ನೋಡಿ, ಇದೇನು ನಳ ಬಿಟ್ಟಂತಿದೆಯಲ್ಲ ಎಂದರು. ಅವರು ಹೇಳಿದಂತೆ ಶರಣವ್ವ ಕಸಿಯ ಕೆಳಗೆ ಎರಡು ಕಡೆ ಚಾಕುವಿನಿಂದ ಸಣ್ಣ ಗಾಯ ಮಾಡಿದರು, ನೀರು ಅಲ್ಲಿಂದ ಇಳಿದುಹೋಗಲೆಂದು. ಆ ಗಾಯಗಳ ಅಂದವನ್ನು ನೋಡಬೇಕಿತ್ತು. ಸಿಪ್ಪೆ ದಾಟಿ ಒಂದು ನೂಲಿನಷ್ಟು ಆಳ, ಓರೆಯಾಗಿ, ಎರಡೂ ಒಂದೇ ಅಳತೆ. ಸಿಟ್ಟಿನ ನಡುವೆಯೂ ನಾನು ಆ ಕೈಯನ್ನು ನೋಡುತ್ತಾ ನಿಂತುಬಿಟ್ಟೆ.

ಬೆಳಿಗ್ಗೆ ಶಾಲೆಗೆ ಹೊರಟ ಮೆಲಿಸ್ಸಾ ಕಿಟಕಿಯಿಂದ ಇಣುಕಿ, "ಮಮ್ಮಾ, ಇಟ್ಸ್ ಸ್ಟಿಲ್ ಕ್ರೈಯಿಂಗ್," ಎನ್ನುತ್ತಿದ್ದಳು. ಹನ್ನೆರಡನೆಯ ದಿನ ಏನೂ ಹೇಳದೆ ಹೋದಳು. ನೋಡಿದರೆ ಮೋಟು ಒಣಗಿತ್ತು.

ಮೇ ತಿಂಗಳ ಮೊದಲಿಗೆ ಕಸಿಯ ಕೆಳಗೆ, ಹಳೆಯ ಕಾಂಡದ ಮೈಯಿಂದ, ಕಾಡುಚಿಗುರು ಒಡೆಯಿತು. ಒಂದೇ ದಿನ ಏಳು. ಬಿಳಿ ತುಪ್ಪಳ, ಅಂಚಿಗೆ ಗುಲಾಬಿ. ಬಳ್ಳಿ ಬದುಕಿದೆ! ನನಗೆ ಅಲ್ಲೇ ಕೂತುಬಿಡುವಷ್ಟು ಸಮಾಧಾನವಾಯಿತು. ಮರುದಿನ ಕಾಫಿ ಹಿಡಿದು ಕಿಟಕಿಗೆ ಬಂದಾಗ ಶರಣವ್ವ ಮೋಟಿನ ಮುಂದೆ ಬಗ್ಗಿದ್ದರು. ಹೆಬ್ಬೆರಳನ್ನು ಚಿಗುರಿನ ಬುಡಕ್ಕೆ ಒತ್ತಿ ಪಕ್ಕಕ್ಕೆ ತಳ್ಳುತ್ತಿದ್ದರು. ಏಳೂ ಹೋದವು.

ಕಸಿ ಕಟ್ಟಿದ ಮೇಲೆ ಅದು ಸರಿಯಾದ ಕ್ರಮವೇ. ಕಾಡುಚಿಗುರು ಬಿಟ್ಟರೆ ಬೇರಿನ ಹಾಲನ್ನೆಲ್ಲ ಅದೇ ಕುಡಿದು ಕಸಿಯನ್ನು ಉಪವಾಸ ಕೆಡಹುತ್ತದೆ ಎಂದು ಅವರು ಹೇಳಿದ್ದರು. ನಾನೂ ಓದಿ ಖಚಿತಪಡಿಸಿಕೊಂಡೆ. ಕಸಿಯ ಮೊಗ್ಗು ಇನ್ನೂ ಕಣ್ಣು ತೆರೆದಿರಲಿಲ್ಲ. ಮರುದಿನ ಐದು ಚಿಗುರು ಬಂದವು, ಆಮೇಲೆ ಎರಡು ದಿನ ಬಿಟ್ಟು ನಾಲ್ಕು. ಪ್ರತಿ ಬೆಳಿಗ್ಗೆ ಮೂರು ಸುತ್ತು ನಡಿಗೆ ಮುಗಿಸಿ ಅವರು ಬರುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ಎಣಿಸಿ, ಆಮೇಲೆ ಕಾರು ಹತ್ತಿ ನಾರ್ತ್ ಕ್ರೀಕ್‌ಗೆ ಹೋಗುತ್ತಿದ್ದೆ.

ಮೇ ಎಂಟರ ಸಂಜೆ, ಕಾಂಡದ ಹಿಂಬದಿಯಲ್ಲಿ, ಮಣ್ಣಿಗೆ ಅಂಟಿಕೊಂಡಂತೆ ಒಂದು ಚಿಗುರು ಕಂಡಿತು. ಅಲ್ಲಿ ಜರೀಗಿಡದ ಒಂದು ಪೊದೆಯಿದೆ. ಅದರ ಗರಿಗಳ ನಡುವೆ ಈ ಚಿಗುರು ಬೆರಳಿನ ಉಗುರಿನಷ್ಟು ತಲೆ ಎತ್ತಿತ್ತು. ನಾನು ಸುತ್ತ ನೋಡಿದೆ. ಎರಡು ಗರಿಗಳನ್ನು ಅದರ ಮೇಲೆ ಬಗ್ಗಿಸಿದೆ. ಸಾಲದೆನಿಸಿ ಮೇಪಲ್‌ನ ಒದ್ದೆ ಎಲೆಯೊಂದನ್ನು ಮುಂದಕ್ಕೆ ಒರಗಿಸಿದೆ.

ಅಷ್ಟೇ ಮಾಡಿದ್ದು. ಆದರೆ ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಅವರ ಕಸಿ ಸತ್ತರೆ ಅದಕ್ಕೆ ಈ ಕಳ್ಳ ಚಿಗುರೇ ಕಾರಣ, ಎಂದರೆ ನಾನು ಕಾರಣ. ಚಿಗುರನ್ನು ತೆಗೆದರೆ, ಕಸಿಯೂ ಹಿಡಿಯದಿದ್ದರೆ, ಬಳ್ಳಿಯೇ ಇಲ್ಲ. ಒಂದು ಮಾತು ಹೇಳಬಹುದಿತ್ತು: ಅಮ್ಮಾ, ಇದನ್ನು ಬಿಡಿ ಎಂದು. ಹೇಳಲು ಹೋದಾಗಲೆಲ್ಲ ಅವರು ಕಸಿಯ ಪಟ್ಟಿಯನ್ನು ಮುಟ್ಟಿ, ಈ ವರ್ಷ ಬಳ್ಳಿ, ಬರುವ ವರ್ಷ ಗೊನೆ ಎಂದು ಬೆನೆಡಿಕ್ಟ್‌ನಿಗೆ ವಿವರಿಸುತ್ತಿರುತ್ತಿದ್ದರು. ಹಸಿರು ದ್ರಾಕ್ಷಿ ಎಂದರೆ ಅವನಿಗೆ ಬಲು ಇಷ್ಟ, ಅವನು ಆಗಲೇ ಅರ್ಧ ಒಲಿದಿದ್ದ. ಭಾನುವಾರ ಇಗರ್ಜಿಯಲ್ಲಿ ಮೊಣಕಾಲೂರಿದಾಗಲೂ ನನಗೆ ನೆನಪಾಗುತ್ತಿದ್ದುದು ಜರೀಗಿಡ. ದಿನವೂ ಸಂಜೆ ಗರಿ ಸರಿಸಿ ನೋಡುತ್ತಿದ್ದೆ. ಕತ್ತಲಲ್ಲಿ ಬೆಳೆದದ್ದರಿಂದ ಬಣ್ಣ ಪೇಲವ, ದಂಟು ಸಣ್ಣ. ಆದರೂ ಎರಡು ಎಲೆ, ಎರಡು ಕುಡಿ, ಆಮೇಲೆ ಕುಡಿಯಿಲ್ಲದ ಒಂದು ಎಲೆ. ಆ ಸ್ಥಿತಿಯಲ್ಲೂ ಅದು ತನ್ನ ಕ್ರಮ ಬಿಟ್ಟಿರಲಿಲ್ಲ.

ಮೇ ಕೊನೆಯ ವಾರ ಕಾಂಡದ ಮೇಲೆ ಹೊಸ ಚಿಗುರು ಬರುವುದು ನಿಂತಿತು. ಶರಣವ್ವ ಬಂದು ನೋಡಿ, ಮುರಿಯಲು ಏನೂ ಇಲ್ಲದೆ ಸುಮ್ಮನೆ ನಿಂತು ಹೋಗುತ್ತಿದ್ದರು. ಕಸಿಯ ಕಡ್ಡಿಗಳೆರಡೂ ಹಾಗೆಯೇ ಇದ್ದವು, ನಿದ್ದೆ ನಟಿಸಿ ಕಣ್ಣು ಮುಚ್ಚಿದವರಂತೆ.

ಜೂನ್ ಮೂರರಂದು ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಅವರು ಚಾಕು ಹಿಡಿದು ಹಿತ್ತಲಿಗೆ ಬಂದದ್ದು ಕಂಡು ಹೊರಗೆ ಹೋದೆ. ಅವರು ಪ್ಲಾಸ್ಟಿಕ್ ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚಿದರು. ಒಳಗೆ ಸೀಳು ಕಪ್ಪಾಗಿ, ಲೋಳೆಗಟ್ಟಿ, ಕೊಳೆತ ವಾಸನೆ ಬಂತು. ಕಡ್ಡಿಗಳನ್ನು ಮುಟ್ಟಿದ್ದೇ ತಡ, ಎರಡೂ ಕೈಗೇ ಬಂದವು. ಅವರು ಒದ್ದೆ ಹುಲ್ಲಿನ ಮೇಲೆ ಸೀರೆ ನೆನೆಯುವುದನ್ನೂ ನೋಡದೆ ಕೂತರು. ಕೈಗಳು ತೊಡೆಯ ಮೇಲೆ ಬಿದ್ದಿದ್ದವು. ಅಷ್ಟು ದಿನ ನನ್ನನ್ನು ಬಹುವಚನದಲ್ಲಿ ಕರೆದವರು ಅಂದು ಹಾಗೆ ಕರೆಯಲಿಲ್ಲ.

"ತಂಗಿ, ನಿನ್ನ ಬಳ್ಳಿ ನಾ ಕೊಂದೆ."

ನಾನು ಕಾಂಡದ ಹಿಂದಕ್ಕೆ ಹೋಗಿ, ಬಗ್ಗಿ, ಮೇಪಲ್ ಎಲೆ ತೆಗೆದು, ಜರೀಗಿಡದ ಗರಿಗಳನ್ನು ಎರಡೂ ಕೈಯಿಂದ ಅಗಲಿಸಿ ಹಿಡಿದೆ. ಒಂದೂವರೆ ಗೇಣಿನ ಚಿಗುರು, ಇದ್ದಕ್ಕಿದ್ದಂತೆ ಬಿದ್ದ ಬೆಳಕಿನಲ್ಲಿ ಬೆಣ್ಣೆಯ ಬಣ್ಣಕ್ಕಿತ್ತು. ಅದರ ಸುರುಳಿಕುಡಿ ಜರೀಗಿಡದ ಒಂದು ಕಡ್ಡಿಯನ್ನು ಎರಡು ಸುತ್ತು ಹಿಡಿದಿತ್ತು.

ಶರಣವ್ವ ಮಂಡಿಯ ಮೇಲೆ ಸರಿದು ಹತ್ತಿರ ಬಂದರು. ಚಿಗುರಿನ ಬುಡವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು.

"ಇದು ನನ್ನ ಹೆಬ್ಬಟ್ಟಿಗೆ ಹೆಂಗ ತಪ್ಪಿತು?"

"ತಪ್ಪಲಿಲ್ಲ ಅಮ್ಮಾ. ನಾನು ಮುಚ್ಚಿಟ್ಟಿದ್ದೆ."

"ಎಷ್ಟು ದಿನದಿಂದ?"

"ಇಪ್ಪತ್ತಾರು ದಿನ."

"ನನ್ನ ಕಸಿ ಸಾಯ್ಲಿ ಅಂತ?"

ಈ ಪ್ರಶ್ನೆಗೆ ಉತ್ತರವನ್ನು ನಾನು ಇಪ್ಪತ್ತಾರು ದಿನ ತಿದ್ದಿದ್ದೆ. ತಿದ್ದಿದ್ದು ಯಾವುದೂ ನೆನಪಿಗೆ ಬರಲಿಲ್ಲ. "ನಿಮ್ಮ ಕಸಿ ಬದುಕಲಿ ಅಂತ ಇತ್ತು," ಎಂದೆ. "ಇದು ಸಾಯಬಾರದು ಅಂತ ಅದಕ್ಕಿಂತ ಹೆಚ್ಚು ಇತ್ತು."

ಅವರು ಕೈಯಲ್ಲಿದ್ದ ಒಂದು ಕಡ್ಡಿಯನ್ನು ತಿರುಗಿಸಿ ನೋಡಿದರು. ಚಾಕುವಿನಿಂದ ಅದರ ತುದಿ ಹೆರೆದು ನನ್ನ ಮುಂದೆ ಹಿಡಿದರು. ಒಳಗಿನ ತಿರುಳು ಮೇಲಿನಿಂದ ಕೆಳಗಿನವರೆಗೆ ಕಂದು.

"ಇಲ್ಲಿ ನೋಡು. ಇದು ಏಪ್ರಿಲ್‌ದಾಗ ಸತ್ತೈತಿ, ನೀರಾಗ ಮುಳುಗಿ. ನಿನ್ನ ಚಿಗುರಿಗೂ ಇದಕ್ಕೂ ಸಂಬಂಧ ಇಲ್ಲ. ನಾನ ತಿಂಗಳುಗಟ್ಟಲೆ ಸತ್ತ ಕಡ್ಡಿ ಕಾದೀನಿ." ಜಾಕೆಟ್ಟಿನ ತೋಳಿನಿಂದ ಮೂಗು ಒರೆಸಿಕೊಂಡರು. "ನೇತ್ರಾ ಹಿಂಗ ಮಾಡಿದ್ಲಂದ್ರ ದೊಡ್ಡ ಬಾಯಿ ಮಾಡ್ತಿದ್ದೆ. ನೀ ಸೊಸಿ ಅಲ್ಲ, ಪಾರಾದಿ."

ಎಷ್ಟು ಸುಲಭವಾಗಿ ನನ್ನನ್ನು ಬಿಡುಗಡೆ ಮಾಡಿದರು! ಅವರು ಸುಮ್ಮನಿದ್ದಿದ್ದರೆ ಆ ತಪ್ಪಿನಲ್ಲಿ ಅರ್ಧ ನನ್ನ ತಲೆಗೆ ಬರುತ್ತಿತ್ತು, ನಾನು ಬೇಡವೆನ್ನುತ್ತಲೂ ಇರಲಿಲ್ಲ. ನನ್ನ ಕೆಲಸದಲ್ಲಿ ನೂರಾರು ವರದಿ ಓದಿದ್ದೇನೆ. ಅಷ್ಟು ನೇರವಾಗಿ ಯಾರೂ ಬರೆದದ್ದು ನೋಡಿಲ್ಲ.

ಅಂದೇ ಅವರು ಕೊಳೆತ ಭಾಗವನ್ನು ಹಸಿ ಕಟ್ಟಿಗೆ ಸಿಗುವವರೆಗೆ ಕತ್ತರಿಸಿ ಚೊಕ್ಕಟ ಮಾಡಿದರು. ಜರೀಗಿಡದ ಗರಿಗಳನ್ನು ಒಮ್ಮೆಗೇ ತೆಗೆಯಲು ಬಿಡಲಿಲ್ಲ. ಕತ್ತಲಲ್ಲಿ ಬೆಳೆದ ಎಲೆ ಬಿಸಿಲಿಗೆ ಸುಡುತ್ತದೆ, ದಿನಕ್ಕೊಂದು ಗರಿ ತೆಗೆ ಎಂದರು. ಹಾಗೆಯೇ ಮಾಡಿದೆವು. ವಾರದಲ್ಲಿ ಎಲೆ ಹಸಿರಾಯಿತು. ಆಮೇಲೆ ಅದರ ಓಟವನ್ನು ಹಿಡಿಯುವವರೇ ಇರಲಿಲ್ಲ. ಏಳು ವರ್ಷದ ಬೇರೆಲ್ಲ ಒಂದು ಚಿಗುರಿಗೆ ಕೆಲಸ ಮಾಡುತ್ತಿತ್ತು. ದಿನಕ್ಕೆ ನಾಲ್ಕು ಬೆರಳು, ಬಿಸಿಲಿದ್ದರೆ ಆರು. ಶರಣವ್ವ ಬಿದಿರ ಕೋಲೊಂದನ್ನು ನಮ್ಮ ಕಡೆಗೆ, ಬೇಲಿಯಿಂದ ದೂರಕ್ಕೆ ವಾಲಿಸಿ ನೆಟ್ಟು, ಹಳೆಯ ಸೀರೆಯ ಅಂಚಿನಿಂದ ಸಡಿಲವಾಗಿ ಕಟ್ಟಿದರು. ಮುರಿಯುವ ಕೆಲಸವಿಲ್ಲದ ಬೆಳಿಗ್ಗೆಗಳಲ್ಲಿ ನಮ್ಮ ಮೆಟ್ಟಿಲ ಮೇಲೆ ಚಹಾ ಹಿಡಿದು ಕೂತು, ಅದು ಗಾಳಿಯಲ್ಲಿ ಕೈಯಾಡಿಸಿ ಕೋಲನ್ನು ಹುಡುಕುವುದನ್ನು ನೋಡುತ್ತಿದ್ದರು. ಸಾವಿರಾರು ಡಾಗ್ರಿಜ್ ನೆಟ್ಟಿದ್ದರೂ ಒಂದರ ಹೆಗಲ ಮೇಲೆ ಅದರದೇ ತಲೆ ಇರುವುದನ್ನು ತಾನು ಕಂಡಿಲ್ಲ ಎಂದು ಒಮ್ಮೆ ಹೇಳಿದರು.

ಬೇಲಿಯ ವಿಷಯವನ್ನು ನಾನೇ ಎತ್ತಿದೆ. ಜುಲೈಯ ಒಂದು ಭಾನುವಾರ, ಬೆನೆಡಿಕ್ಟ್ ಮತ್ತು ಅಭಯ ಇಬ್ಬರೂ ಹಿತ್ತಲಲ್ಲಿದ್ದಾಗ, ಬಳ್ಳಿಯನ್ನು ಕೀಳುವುದು ಬೇಡ ಎಂದೆ. 'ಬಹುಶಃ' ಸೇರಿಸಲಿಲ್ಲ. ಅಭಯ ತಾಯಿಯ ಮುಖ ನೋಡಿದ. ಶರಣವ್ವ, ಇಷ್ಟು ಓದಿದವರಿಗೆ ಇದೊಂದು ಹೊಳೆಯಲಿಲ್ಲವೇ ಎಂಬಂತೆ, ಖಾಲಿ ಹಲಗೆಗಳ ಕಡೆ ಕೈ ತೋರಿಸಿದರು. "ಬೇಲಿಯಾಂವ ಎಲಿ ಇರಬಾರ್ದು ಅಂದಾನ. ಎಲ್ಲೈತಿ ಎಲಿ? ಬೇಲಿ ಕಟ್ಟೂ ವರ್ಷ ಚಾಟ್ನಿ ಮಾಡಿದ್ರ ಮುಗೀತು. ಬೇರು ಕೀಳಾಕ ಅದೇನು ಹಲ್ಲೇನು?"

ಬೆನೆಡಿಕ್ಟ್ ನಕ್ಕುಬಿಟ್ಟ. ಆಗಸ್ಟ್‌ನಲ್ಲಿ, ನಾನು ಕೇಳದೆಯೇ, ಬೇಲಿಯಿಂದ ಮೂರಡಿ ಈಚೆಗೆ ಎರಡು ಗಟ್ಟಿ ಕಂಬ ನೆಟ್ಟು ತಂತಿ ಬಿಗಿದ. ಕಾಳುಮೆಣಸಿಗೆ ಕಂಬ ಬೇಡವೇ ಎಂದ. ಸೆಪ್ಟೆಂಬರಿನಲ್ಲಿ ಬೇಲಿಯವನು ಬಂದು ಹಳೆಯ ಹಲಗೆ ಬಿಚ್ಚಿ ಎರಡು ದಿನದಲ್ಲಿ ಹೊಸದು ಹಾಕಿದ. ಬಳ್ಳಿ ಆಗ ತನ್ನದೇ ತಂತಿಯ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿತ್ತು. ಆ ವಾರವೇ ಶರಣವ್ವ ಊರಿಗೆ ಹೊರಟರು. ಹೋಗುವ ಮೊದಲು ಚಾಕುವನ್ನು ನೇತ್ರಾಳ ಅಡುಗೆಮನೆಗೆ ಹಿಂದಿರುಗಿಸಿ, ಅವಳಿಗೆ ಕೇಳಿಸುವಂತೆಯೇ ನನಗೆ, ಕತ್ತರಿ ಹಿಡಿಯುವುದಿದ್ದರೆ ಚಳಿಯಲ್ಲಿ ಹಿಡಿ, ನಿಮ್ಮ ಬಳ್ಳಿಗೆ ನಮ್ಮ ಏಪ್ರಿಲ್ ಆಗಿಬರುವುದಿಲ್ಲ ಎಂದರು.

ಅಕ್ಟೋಬರಿನ ಮೊದಲ ವಾರ, ಸಂಜೆ ಆರಕ್ಕೆ ನನ್ನ ಫೋನಿಗೆ ವೀಡಿಯೋ ಕರೆ ಬಂತು. ತಿಕೋಟಾದಲ್ಲಿ ಆಗ ಬೆಳಗಾಗುತ್ತಿತ್ತು. ಮೊದಲು ಕಂಡದ್ದು ಸೋಮಲಿಂಗಪ್ಪನವರ ಮೂಗು, ಆಮೇಲೆ ಮುಖ. ಕಸಿ ಕಟ್ಟುವ ಕಾಲ, ಆಳುಗಳು ಬಂದಿದ್ದಾರೆ, ಹೊಸ ಸಾಲಿನಲ್ಲಿ ಒಂದು ಡಾಗ್ರಿಜ್‌ಗೆ ಕತ್ತರಿ ಹಾಕಲು ಇವಳು ಬಿಡುತ್ತಿಲ್ಲ, ಅಡ್ಡ ನಿಂತಿದ್ದಾಳೆ, ನೀವಾದರೂ ಹೇಳಿ ಎಂದು ದೂರು ಕೊಟ್ಟರು. ಹಿಂದಿನಿಂದ ಶರಣವ್ವನ ದನಿ ಕೇಳಿಸಿತು: "ಇಷ್ಟರಾಗ ಒಂದು ಇರ್ಲಿ ಬಿಡ್ರಿ. ತಾನ ಹೆಂಗ ಬೆಳೀತದ ನೋಡೂಣು."

ಫೋನು ಅವರ ಕೈಗೆ ಹೋಯಿತು. ಸಾಲಿನ ತುದಿಯಲ್ಲಿ, ಕಪ್ಪು ಮಣ್ಣಿನಲ್ಲಿ, ತೊಗರಿಕಟ್ಟಿಗೆಯ ಆಸರೆಗೆ ಏರಿದ ಒಂದು ಬಳ್ಳಿಯನ್ನು ಬುಡದಿಂದ ತೋರಿಸುತ್ತಾ ಬಂದರು.

"ತಂಗಿ, ಇದರ ಕುಡಿ ನೋಡೀಯೇನು? ಎರಡು ಎಲಿಗೆ ಇರ್ತದ, ಮೂರನೇದಕ್ಕ ಇರೂದಿಲ್ಲ. ಮತ್ತ ಎರಡಕ್ಕ ಇರ್ತದ. ನಲವತ್ತು ವರ್ಷ ಇದನ್ನ ಚಿವುಟಿ ಒಗದೀನಿ, ಒಮ್ಮೆನೂ ಎಣಿಸಿಲ್ಲ. ನಿಂದರಾಗೂ ಹಂಗ ಐತೇನು?"

"ಹಾಗೇ ಉಂಟು ಅಮ್ಮಾ," ಎಂದೆ. ಕಾಗದದ ಕನ್ನಡ ಬಿಟ್ಟು ಕರಾವಳಿಯ ನನ್ನ ಊರಿನ ಕನ್ನಡ ಬಂದಿತ್ತು.

"ತೋರ್ಸು."

ನಾನು ಒಲೆ ಆರಿಸಿ, ಎರಡನೆಯ ಸಲ ನೋಡದೆ, ಫೋನು ಹಿಡಿದು ಹಿತ್ತಲಿಗೆ ನಡೆದೆ. ಸೂರ್ಯ ಇನ್ನೂ ಫರ್ ಮರಗಳ ಮೇಲಿದ್ದ. ಬಳ್ಳಿಯ ಎಲೆ ಅರ್ಧ ಕೆಂಪಾಗಿತ್ತು. ಬುಡದ ಹತ್ತಿರ ಬಗ್ಗಿ, ಜರೀಗಿಡದಿಂದ ಹೊರಟ ಮೊದಲ ಎಲೆಯ ಮೇಲೆ ಬೆರಳಿಟ್ಟು, ಅವರಿಗೆ ಕಾಣುವಂತೆ ಫೋನನ್ನು ಹಿಡಿದುಕೊಂಡು ಎಣಿಸುತ್ತಾ ಮೇಲಕ್ಕೆ ಬಂದೆ. ಅವರು ಅಲ್ಲಿಂದ ನನ್ನ ಜೊತೆ ಎಣಿಸಿದರು. ಇದೆ, ಇದೆ, ಇಲ್ಲ.